ಯಗಟಿಯಲ್ಲಿ ರೈಲಿಲ್ಲ

೯ ನವೆಂಬರ್ ೨೦೨೪, ಶನಿವಾರ

ಸತೀಶನಿಗೆ ಹೂಂ ಅಂದುಬಿಟ್ಟೆ. ಅನ್ನಬಾರದಿತ್ತು. ಚಿಕ್ಕಪ್ಪನ ಮಗ, ನಾನೇ ಎತ್ತಿ ಆಡಿಸಿದ ಹುಡುಗ, ಅಜ್ಜಂಪುರದಿಂದ ಬೈಕಿನಲ್ಲಿ ಬಂದು ನನ್ನ ಮೆಟ್ಟಿಲ ಮೇಲೆ ಕೂತು ಗೋಗರೆದರೆ ಏನು ಮಾಡುವುದು?

"ಅಕ್ಕಾ, ನೀನು ಮೈಸೂರಲ್ಲಿ ಇಷ್ಟು ವರ್ಷ ಮಾಡಿದ್ದು ಇದೇ ಕೆಲ್ಸ ತಾನೆ? ಯಾವ್ದಾದ್ರೂ ಫೌಂಡೇಶನ್ ಹುಡ್ಕಿ ಒಂದು ಗ್ರಾಂಟ್ ಬರೋ ಹಂಗೆ ಮಾಡ್ಕೊಡು. ಈಗ ಕೊಡ್ತಿರೋ ಕಂಪ್ನಿಯವ್ರು ಮಾರ್ಚ್ ಆದ್ಮೇಲೆ ಕೊಡಲ್ಲ ಅಂದ್ಬಿಟ್ರು. ಬಾಗ್ಲು ಹಾಕ್ಬೇಕಾಗುತ್ತೆ ಕಣಕ್ಕಾ."

ಬಾಗಿಲು ಹಾಕಬೇಕಾಗುವುದು ಅವನ 'ಶನಿವಾರದ ಜಗಲಿ'ಗೆ. ಸಿಮೆಂಟ್ ಅಂಗಡಿಯ ವ್ಯಾಪಾರದ ನಡುವೆ ಅವನು ನಡೆಸುತ್ತಿರುವ ಪುಟ್ಟ ಟ್ರಸ್ಟಿನದು ಇದೊಂದೇ ಕೆಲಸ. ಯಗಟಿಯಲ್ಲಿ ಒಂದು ಹಳೆಯ ಕೊಬ್ಬರಿ ಗೋಡೌನಿದೆ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬರುತ್ತಾರೆ. ತೋಟದ ಮನೆಗಳಿಂದ, ಸುತ್ತಲ ಹಟ್ಟಿಗಳಿಂದ ವಯಸ್ಸಾದವರನ್ನು ಒಂದು ವ್ಯಾನ್ ಕರೆತರುತ್ತದೆ. ಒಟ್ಟಿಗೆ ಊಟ. ಆಮೇಲೆ ಸಂಜೆಯವರೆಗೆ ಅವರು ಇವರಿಗೆ ಏನೋ ಕಲಿಸುತ್ತಾರೆ, ಇವರು ಅವರಿಗೆ ಏನೋ ಕಲಿಸುತ್ತಾರೆ. ವ್ಯಾನಿಗೂ ಊಟಕ್ಕೂ ದುಡ್ಡು ಬೇಕು.

ನಾನು ಮೈಸೂರಿನ ಕೆಲಸ ಬಿಟ್ಟು ಕಡೂರಿಗೆ ಬಂದದ್ದು ಅಮ್ಮನನ್ನು ನೋಡಿಕೊಳ್ಳಲು. ಅಮ್ಮ ಜೂನ್‌ನಲ್ಲಿ ಹೋದರು. ಸರಿ, ಒಂದು ಅರ್ಜಿ ತಾನೆ, ಬರೆದುಕೊಡೋಣ. ಹೊತ್ತು ಹೋಗಲಿ ಎಂದು ಒಪ್ಪಿಕೊಂಡದ್ದಲ್ಲ. ಹೊತ್ತು ನನಗೆ ಚೆನ್ನಾಗಿಯೇ ಹೋಗುತ್ತದೆ.

೧೬ ನವೆಂಬರ್, ಶನಿವಾರ

ಯಗಟಿಗೆ ಹೋಗಿ ಬಂದೆ. ಕಣ್ಣಲ್ಲಿ ನೋಡದೆ ಅರ್ಜಿ ಬರೆಯುವ ಅಭ್ಯಾಸ ನನಗಿಲ್ಲ. ಬಸ್ಸಿನಲ್ಲಿ ಪಕ್ಕದವಳ ಕುರಿಮರಿ ದಾರಿಯುದ್ದಕ್ಕೂ ನನ್ನ ಸೆರಗು ಅಗಿಯಿತು.

ಗೋಡೌನಿನ ಗೋಡೆಗಳಲ್ಲಿ ಇನ್ನೂ ಕೊಬ್ಬರಿಯ ವಾಸನೆ. ಒಳಗಿನ ಗಲಾಟೆಗೆ ಬಾಗಿಲಲ್ಲೇ ತಲೆನೋವು ಶುರುವಾಯಿತು. ಈರಣ್ಣ ಅಂತ ಒಬ್ಬರು, ಎಂಬತ್ತರ ಹತ್ತಿರದವರು, ಹುಡುಗರಿಗೆ ತೆಂಗಿನ ಗರಿ ಹೆಣೆಯುವುದನ್ನು ತೋರಿಸುತ್ತಿದ್ದರು. ಸ್ಫೂರ್ತಿ ಎಂಬ ಏಳನೇ ಕ್ಲಾಸಿನ ಹುಡುಗಿ ಅವರ ಫೋನು ಹಿಡಿದು, "ತಾತಾ, ಇದನ್ನ ಒತ್ತಿ ಹಿಡ್ಕಂಡೇ ಮಾತಾಡ್ಬೇಕು, ಬಿಟ್ರೆ ಹೊಂಟೋಯ್ತದೆ" ಎಂದು ಗದರುತ್ತಿದ್ದಳು. ಈರಣ್ಣ ಒತ್ತಿ ಹಿಡಿದು "ಹಲೋ... ಹಲೋ" ಎಂದಷ್ಟೇ ಹೇಳಿ ಯಾರಿಗೋ ಕಳಿಸಿ ಬಲು ಸಂತೋಷಪಟ್ಟರು.

ಮೂಲೆಯಲ್ಲಿ ಕಾಮಾಕ್ಷಮ್ಮ ಎಂಬಾಕೆ ಮಕ್ಕಳ ಜೊತೆ ಅಳಗುಳಿ ಮಣೆ ಆಡುತ್ತಿದ್ದರು. ರಾಜಾರೋಷವಾಗಿ ಮೋಸ ಮಾಡುತ್ತಿದ್ದರು. ಒಂದು ಹಿಡಿ ಹುಣಸೆ ಬೀಜ ಸೆರಗಿನೊಳಕ್ಕೆ ಹೋಯಿತು. ನಾನು ನೋಡಿದ್ದು ಗೊತ್ತಾಗಿ ಕಣ್ಣು ಮಿಟುಕಿಸಿದರು. ಆಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ವಿಚಾರಣೆ.

"ಯಾವೂರವ್ವ?"

"ಕಡೂರು."

"ಮದ್ವೆ?"

"ಆಗ್ಲಿಲ್ಲ."

"ಮನೇಲಿ ಯಾರವ್ರೆ?"

"ಅಮ್ಮ ಇದಾರೆ."

ಬಾಯಿಂದ ಬಂದುಬಿಟ್ಟಿತು. ಯಾರೂ ಇಲ್ಲ ಅಂದರೆ ಮುಂದಿನದು ಗೊತ್ತಿದ್ದದ್ದೇ. ಅಯ್ಯೋ ಪಾಪ, ಒಬ್ಬಳೇನಾ, ರಾತ್ರಿ ಭಯ ಆಗಲ್ವಾ, ಅಣ್ಣ ತಮ್ಮ ಇಲ್ವಾ. ಅಷ್ಟಕ್ಕೆಲ್ಲ ಉತ್ತರ ಹೇಳುವುದಕ್ಕಿಂತ ಅಮ್ಮ ಇದ್ದಾರೆ ಅನ್ನುವುದು ಸುಲಭ. ಇನ್ನೊಮ್ಮೆ ಎಲ್ಲಿ ಸಿಗುತ್ತಾರೆ, ನಾನು ಬಂದದ್ದು ಅರ್ಜಿಗೆ ವಿವರ ಬರೆದುಕೊಳ್ಳಲು ಅಷ್ಟೇ.

೩೦ ನವೆಂಬರ್, ಶನಿವಾರ

ಇನ್ನೊಂದಿಷ್ಟು ವಿವರ ಬೇಕಿತ್ತು ಎಂದು ಮತ್ತೆ ಹೋಗಿದ್ದೆ.

ಹೊರಡುವಾಗ ಕಾಮಾಕ್ಷಮ್ಮ ಒಂದು ಸ್ಟೀಲ್ ಡಬ್ಬಿ ಕೈಗಿಟ್ಟರು. ಮುಚ್ಚಳದ ಮೇಲೆ ಅವರ ಯಜಮಾನರ ಹೆಸರು ಕೊರೆದಿದೆ, ಅರ್ಧ ಸವೆದುಹೋಗಿದೆ. ಒಳಗೆ ರಾಗಿ ಹುರಿಹಿಟ್ಟು.

"ನಿಮ್ಮವ್ವಂಗೆ ಕಣವ್ವ. ಬೆಲ್ಲ ಹಾಕಿ ಹಾಲಲ್ಲಿ ಕಲ್ಸಿ ಕೊಡು. ಹಲ್ಲಿರಲ್ಲ, ಪಾಪ, ನುಂಗಾಕೆ ಸಲೀಸು."

ಬೇಡ ಎನ್ನಲು ಬಾಯಿ ತೆರೆದೆ. ವ್ಯಾನಿನ ಡ್ರೈವರ್ ತಿಪ್ಪೇಶ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಡಬ್ಬಿ ಹಿಡಿದುಕೊಂಡೇ ಬಂದುಬಿಟ್ಟೆ.

೩ ಡಿಸೆಂಬರ್, ಮಂಗಳವಾರ

ಹುರಿಹಿಟ್ಟು ನಾನೇ ತಿಂದೆ. ಚೆನ್ನಾಗಿತ್ತು. ರಾತ್ರಿ ಅಡುಗೆ ಮಾಡುವುದು ತಪ್ಪಿತು.

೭ ಡಿಸೆಂಬರ್, ಶನಿವಾರ

ಡಬ್ಬಿ ಚೆನ್ನಾಗಿ ತೊಳೆದು, ಒರೆಸಿ, ಒಯ್ದು ಕೊಟ್ಟೆ. ಕಾಮಾಕ್ಷಮ್ಮ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು.

"ನಿಮ್ಮವ್ವ ತಿಂದ್ರಾ?"

"ತುಂಬಾ ಇಷ್ಟಪಟ್ಟು ತಿಂದ್ರು."

"ಮಂಡಿ ನೋವು ಗಿಂಡಿ ನೋವು ಏನಾದ್ರೂ ಐತಾ?"

"ಬಲಗಾಲು ನೋಯುತ್ತೆ ಅಂತಾರೆ. ಎಣ್ಣೆ ಹಚ್ಚೋಕೆ ಬಿಡಲ್ಲ. ಸೀರೆಗೆ ಜಿಡ್ಡಾಗುತ್ತೆ ಅಂತ ಹಟ."

ಇದು ಸುಳ್ಳಲ್ಲ. ಅಮ್ಮನಿಗೆ ಬಲಗಾಲೇ ನೋಯುತ್ತಿದ್ದದ್ದು. ಎಣ್ಣೆ ಬೇಡ ಎಂಬ ಹಟವೂ ನಿಜ. ಕಾಲ ಮಾತ್ರ ಸ್ವಲ್ಪ ಹಿಂದುಮುಂದು.

ಡಬ್ಬಿ ಮತ್ತೆ ತುಂಬಿ ಬಂತು.

೧೨ ಡಿಸೆಂಬರ್, ಗುರುವಾರ

ಗ್ರಾಂಟ್ ಹುಡುಕುವುದೆಂದರೆ ಹೆಣ್ಣಿಗೆ ಗಂಡು ಹುಡುಕಿದ ಹಾಗೇ. ಒಬ್ಬರಿಗೆ ಹಳ್ಳಿ ಆಗುವುದಿಲ್ಲ, ಇನ್ನೊಬ್ಬರಿಗೆ ಟ್ರಸ್ಟಿಗೆ ವಯಸ್ಸು ಸಾಲದು. ಮತ್ತೊಬ್ಬರು ಮಕ್ಕಳಿಗೆ ಮಾತ್ರ ಕೊಡುತ್ತಾರಂತೆ, ಮುದುಕರನ್ನು ಕಂಡರಾಗುವುದಿಲ್ಲ. ಮುದುಕರಿಗೆ ಕೊಡುವವರು ಮಕ್ಕಳನ್ನು ಬಿಟ್ಟು ಬನ್ನಿ ಎನ್ನುತ್ತಾರೆ. ಎರಡು ತಲೆಮಾರನ್ನು ಒಟ್ಟಿಗೆ ಕೂರಿಸುವ ಕೆಲಸಕ್ಕೇ ಕೊಡುವ ಬೆಂಗಳೂರಿನ ಫೌಂಡೇಶನ್ ಒಂದು ಕೊನೆಗೆ ಸಿಕ್ಕಿತು. ಊರಿಗೆ ಉಪಯೋಗವಾಗುವ ಸೇವೆಯೂ ಇರಬೇಕು ಎಂದು ಷರತ್ತು. ಅದಕ್ಕೇನು, ಬೇಸಿಗೆಯಲ್ಲಿ ಯಗಟಿ ಬಸ್‌ಸ್ಟಾಪಿನಲ್ಲಿ ಇವರು ಅರವಟ್ಟಿಗೆ ಇಡುತ್ತಾರೆ. ಅಜ್ಜಿಯರು ಮಡಕೆ ತುಂಬಿ ಲಾವಂಚ ಹಾಕುತ್ತಾರೆ, ಮಕ್ಕಳು ಬಸ್ಸಿನ ಕಿಟಕಿಗಳಿಗೆ ಲೋಟ ಎತ್ತಿ ಕೊಡುತ್ತಾರೆ. ಅದನ್ನೇ ದೊಡ್ಡ ದೊಡ್ಡ ಇಂಗ್ಲಿಷ್ ಮಾತಿನಲ್ಲಿ ಬರೆದೆ.

ಕೆಳಗಿನ ಮನೆಯ ಜಯಲಕ್ಷ್ಮಮ್ಮ, ಈ ಮಹಡಿಯ ಓನರ್, ಮೆಟ್ಟಿಲ ಹತ್ತಿರ ಹಿಡಿದು, "ಏನಮ್ಮಾ, ಕಾಣೋದೇ ಇಲ್ಲ, ಕಾಫಿಗೆ ಬನ್ನಿ" ಎಂದರು. ಕೆಲಸ ಇದೆ ಎಂದೆ. ಕೆಲಸ ಇತ್ತು.

೧೯ ಡಿಸೆಂಬರ್, ಗುರುವಾರ

ಅರ್ಜಿಯಲ್ಲಿ ಇನ್ನು ಉಳಿದದ್ದು ಒಂದೇ. ಒಬ್ಬ ಫಲಾನುಭವಿಯ ಕಥೆ. ಜಗಲಿಗೆ ಬರುವ ಮುಂಚೆ ಒಂಟಿಯಾಗಿ ಎಷ್ಟು ಕಷ್ಟಪಡುತ್ತಿದ್ದರು ಎಂದು ಒಂದು ಪುಟ.

ಕಳೆದ ವಾರ ಯಗಟಿಯಲ್ಲಿ ಕೇಳಿ ನೋಡಿದ್ದೆ. ಒಬ್ಬರಾದರೂ ಬಾಯಿ ಬಿಟ್ಟರೆ ಕೇಳಿ. "ನಮ್ಗೇನ್ ಕಮ್ಮಿ?" ಎಲ್ಲರದ್ದೂ ಅದೇ ಪಲ್ಲವಿ. ಈರಣ್ಣನಂತೂ, "ಈ ಹುಡ್ಗರು ನಾವಿಲ್ದಿದ್ರೆ ಕೆಟ್ಟೋಯ್ತವೆ ಕಣಮ್ಮ, ಅದುಕ್ಕೇ ಬತ್ತೀನಿ" ಎಂದರು. ಮಕ್ಕಳನ್ನು ಕೇಳಿದರೆ, ತಾತಂದಿರಿಗೆ ಬೇಜಾರಾಗುತ್ತಲ್ಲ, ಅದಕ್ಕೇ ಬರ್ತೀವಿ ಎನ್ನುತ್ತಾರೆ. ಎಲ್ಲರೂ ಉಪಕಾರ ಮಾಡುವವರೇ. ಫಲಾನುಭವಿ ಎಂಬ ಕಾಲಂನಲ್ಲಿ ಕೂರಿಸಲು ಒಬ್ಬರೂ ಇಲ್ಲ.

ಕೊನೆಗೆ ನಾನೇ ಕೂತು ಬರೆದೆ. ಕ.ಮ., ವಯಸ್ಸು ಎಪ್ಪತ್ನಾಲ್ಕು, ಎಂದು ಹಾಕಿದೆ. ಹೆಸರು ಹಾಕದಿದ್ದರೆ ಯಾರ ಮರ್ಯಾದೆಗೂ ಧಕ್ಕೆಯಿಲ್ಲ. ಅಕ್ಕಿಯ ಅಳತೆ ಕೈಗೆ ಕೂತುಬಿಟ್ಟಿದೆ, ಈಗಲೂ ಇಬ್ಬರಿಗಾಗುವಷ್ಟು ಅನ್ನ ಆಗುತ್ತದೆ, ಮಾರನೆಯ ದಿನ ಅದನ್ನೇ ಚಿತ್ರಾನ್ನ ಮಾಡಿಕೊಳ್ಳುತ್ತಾಳೆ. ಟಿವಿಯಲ್ಲಿ ವಾರ್ತೆ ಓದುವವಳು ನಮಸ್ಕಾರ ಅಂದರೆ ತಾನೂ ನಮಸ್ಕಾರ ಅನ್ನುತ್ತಾಳೆ. ಸಂಜೆಯ ರೈಲು ಹೋದ ಮೇಲೆ ಕಿಟಕಿ ಹಾಕುತ್ತಾಳೆ, ಅದಾದ ಮೇಲೆ ಬೆಳಗಿನವರೆಗೆ ಅವಳ ಗಂಟಲಿಗೆ ಕೆಲಸವಿರುವುದಿಲ್ಲ. ಹಾಲಿನವನು ಬಂದಾಗ ಮೊದಲ ಮಾತು ಗೊರಗೊರ ಎಂದು ಹೊರಡುತ್ತದೆ.

ಒಂದೇ ಏಟಿಗೆ ಬರೆದು ಮುಗಿಸಿದೆ. ಒಂದು ಪದ ಹೊಡೆದುಹಾಕಲಿಲ್ಲ. ಕೈ ಇನ್ನೂ ಪಳಗಿದೆ ಎಂದಾಯಿತು.

ಕಳಿಸಿಬಿಟ್ಟೆ.

೧೪ ಜನವರಿ ೨೦೨೫, ಸಂಕ್ರಾಂತಿ

ಜಯಲಕ್ಷ್ಮಮ್ಮ ಎಳ್ಳು ಬೆಲ್ಲ, ಕಬ್ಬು, ಬಾಳೆಹಣ್ಣು ತಟ್ಟೆಯಲ್ಲಿಟ್ಟು ತಂದುಕೊಟ್ಟರು. ಒಳಗೆ ಬನ್ನಿ ಅನ್ನುವಷ್ಟರಲ್ಲಿ ಅವರಿಗೆ ಫೋನ್ ಬಂತು, ಹೋದರು. ಸಂಜೆ ತಟ್ಟೆ ತೊಳೆದು ಅವರ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟು ಬಂದೆ. ಹಬ್ಬದ ದಿನ ಬಾಗಿಲು ಬಡಿದು ತೊಂದರೆ ಕೊಡುವುದು ಯಾಕೆ.

ಇಡೀ ದಿನ ಒಂದೇ ಒಂದು ಎಳ್ಳುಬೆಲ್ಲದ ಮಾತು.

೧೮ ಜನವರಿ, ಶನಿವಾರ

ಕಾಮಾಕ್ಷಮ್ಮ ಅಮ್ಮನಿಗೆ ಅಂತ ಎಳ್ಳನ್ನು ಪುಡಿ ಮಾಡಿ ಕೊಟ್ಟರು, ಅಗಿಯಬೇಕಿಲ್ಲ. ಅಮ್ಮನ ಸುದ್ದಿ ಕೇಳಿದರು. ಹಬ್ಬದ ದಿನ ಹೊಸ ಸೀರೆ ಉಡಲು ಒಪ್ಪಲಿಲ್ಲ, ಬೀರುವಿನಲ್ಲಿಟ್ಟು ಮತ್ತೆ ಹಳೆಯದನ್ನೇ ಉಟ್ಟರು, ಎಂದೆ. ಕಾಮಾಕ್ಷಮ್ಮ ನಕ್ಕರು. ನಾನೂ ನಕ್ಕೆ. ನಗುತ್ತಾ ನಗುತ್ತಾ ಇನ್ನೂ ಒಂದೆರಡು ಹೇಳಿದೆ.

ನಿಜ ಹೇಳಬೇಕೆಂದರೆ, ಹೇಳಲು ಚೆನ್ನಾಗಿರುತ್ತದೆ. ಕಡೂರಿನಲ್ಲಿ ಅಮ್ಮನ ವಿಷಯ ಎತ್ತಿದರೆ ಜನ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಯಗಟಿಯಲ್ಲಿ ಅಮ್ಮ ಇನ್ನೂ ಬೈಯುತ್ತಾರೆ, ಹಟ ಮಾಡುತ್ತಾರೆ, ಕಾಫಿಗೆ ಸಕ್ಕರೆ ಸಾಲದು ಎನ್ನುತ್ತಾರೆ. ಸೋಮವಾರದಿಂದಲೇ ಶನಿವಾರ ಏನು ಹೇಳಲಿ ಎಂದು ಯೋಚಿಸುತ್ತಿರುತ್ತೇನೆ. ಇದನ್ನು ನಿಲ್ಲಿಸಬೇಕು.

ಡಬ್ಬಿ ತೊಳೆದು ಕೊಟ್ಟಿದ್ದೆ, ತುಂಬಿ ಬಂತು.

೨೯ ಜನವರಿ, ಬುಧವಾರ

ಫೌಂಡೇಶನ್‌ನಿಂದ ಫೋನ್. ಮಹೇಂದ್ರ ಅಂತ, ಎಳೆ ದನಿ. ಅರ್ಜಿ ಮೊದಲ ಸುತ್ತು ದಾಟಿದೆಯಂತೆ. "ಮೇಡಂ, ಕ.ಮ. ಅವ್ರ ಕಥೆ ಓದಿ ನಮ್ಮ ಆಫೀಸಲ್ಲಿ ಎಲ್ರೂ ಅವ್ರ ಬಗ್ಗೇನೇ ಮಾತಾಡ್ತಿದಾರೆ. ಬಂದು ಅವ್ರನ್ನ ನೋಡ್ಬೇಕು."

ಸತೀಶನಿಗೆ ಹೇಳಿದೆ. ಅವನು ಅಂಗಡಿಯಲ್ಲೇ ಕುಣಿದಾಡಿದನಂತೆ. ನನಗೆ ಮಾತ್ರ ಊಟ ಸೇರಲಿಲ್ಲ.

೮ ಫೆಬ್ರವರಿ, ಶನಿವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಬೆಂಗಳೂರಿಂದ ಸಾಹೇಬರು ಬರುತ್ತಾರೆ ಎಂದರೆ ಯಗಟಿಯವರು ಸುಮ್ಮನಿರುತ್ತಾರೆಯೇ? ನಾನು ಹೋಗುವಷ್ಟರಲ್ಲಿ ಗೋಡೌನಿನಲ್ಲಿ ಶಾಮಿಯಾನ, ವೇದಿಕೆ, ಮೈಕು. ಗರಿ, ಅಳಗುಳಿ ಮಣೆ ಎಲ್ಲ ಗೋಣಿಚೀಲದಲ್ಲಿ ತುಂಬಿ ಹಿಂದಕ್ಕೆ ಹಾಕಿದ್ದಾರೆ. ದೊಡ್ಡವರೆಲ್ಲ ಇಸ್ತ್ರಿ ಬಟ್ಟೆಯಲ್ಲಿ ಕುರ್ಚಿಗಳ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದಾರೆ. ಮಕ್ಕಳು ಗಲಾಟೆ ಮಾಡುತ್ತಾರೆಂದು ಅವರನ್ನು ಹೊರಗೆ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ, ಕೈಯಲ್ಲಿ ಹೂವು. ತಲೆಮಾರುಗಳನ್ನು ಒಂದುಗೂಡಿಸುವ ಕಾರ್ಯಕ್ರಮ ನೋಡಲು ಬಂದವನಿಗೆ ನಾವು ತೋರಿಸಿದ್ದು ನಡುವೆ ಒಂದು ಗೋಡೆ. ಮಹೇಂದ್ರನಿಗೆ ಪೇಟ ತೊಡಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ಪಾಪ, ಪೇಟ ಕಣ್ಣಿನವರೆಗೆ ಇಳಿಯುತ್ತಿತ್ತು.

ಆಮೇಲೆ ಅವನು ಕೆಳಗಿಳಿದು ಬಂದು ಕಾಮಾಕ್ಷಮ್ಮನ ಮುಂದೆ ಮಂಡಿಯೂರಿ ಕೂತ. ಕ.ಮ. ಎಂದರೆ ಇವರೇ ಎಂದು ಲೆಕ್ಕ ಹಾಕಿಕೊಂಡಿದ್ದ.

"ಅಜ್ಜಿ, ಮನೇಲಿ ಒಬ್ರೇ ಇರೋವಾಗ ತುಂಬಾ ಬೇಜಾರಾಗ್ತಿತ್ತಾ?"

"ಒಬ್ಳೇನಾ? ನಾನ್ಯಾಕ್ ಸ್ವಾಮಿ ಒಬ್ಳೇ ಇರ್ತೀನಿ? ಮಗ ಅವ್ನೆ, ಸೊಸೆ ಅವ್ಳೆ, ಎರಡು ಎಮ್ಮೆ ಅವೆ. ನಮ್ಗೇನ್ ಕಮ್ಮಿ?"

ಮಹೇಂದ್ರ ಕಾಗದ ತೆಗೆದು ಓದಿಕೊಂಡ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ಮೇಡಂ, ಇದ್ರಲ್ಲಿ ಸಂಜೆ ರೈಲು ಹೋದ್ಮೇಲೆ ಕಿಟಕಿ ಹಾಕ್ತಾರೆ ಅಂತಿದೆ. ಈ ಊರಲ್ಲಿ ರೈಲು ಎಲ್ಲಿದೆ?"

ಯಗಟಿಯಲ್ಲಿ ರೈಲಿಲ್ಲ. ರೈಲಿರುವುದು ಕಡೂರಿನಲ್ಲಿ. ನನ್ನ ಕಿಟಕಿಯ ಹೊರಗೆ.

ವಿಚಾರಿಸಿ ಹೇಳುತ್ತೇನೆ ಎಂದೆ. ಏನನ್ನು ವಿಚಾರಿಸುವುದು?

೧೦ ಫೆಬ್ರವರಿ, ಸೋಮವಾರ

ಮಹೇಂದ್ರ ಫೋನ್ ಮಾಡಿದ್ದ. ಒಳ್ಳೆಯ ಹುಡುಗ. ಊರಿನ ಹಿರಿಯರಲ್ಲಿ ಯಾರಾದರೊಬ್ಬರು ತಮ್ಮದೇ ಮಾತಿನಲ್ಲಿ ನಿಜ ಹೇಳಿದರೆ ಸಾಕು, ಫೋನಿನಲ್ಲಿ ವಿಡಿಯೋ ಮಾಡಿ ಕಳಿಸಿ, ಆ ಕಥೆಯ ಬದಲಿಗೆ ಇದನ್ನು ಸೇರಿಸುತ್ತೇನೆ ಎಂದ.

೧೫ ಫೆಬ್ರವರಿ, ಶನಿವಾರ

ಕಾಮಾಕ್ಷಮ್ಮನನ್ನೇ ಕೇಳಿದೆ. ಗೋಡೌನಿನ ಹಿಂದಿನ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದೆವು. ಎಲ್ಲ ಬಿಡಿಸಿ ಹೇಳಿದೆ. ನೀವು ಒಂದು ಮಾತು ಹೇಳಿದರೆ ವ್ಯಾನ್ ಉಳಿಯುತ್ತದೆ, ಈರಣ್ಣನಂಥವರು ಬರಬಹುದು, ಇಲ್ಲದಿದ್ದರೆ ಮಾರ್ಚ್‌ಗೆ ಮುಗಿಯಿತು.

ಬಹಳ ಹೊತ್ತು ಹುಣಸೆ ಬೀಜಗಳನ್ನು ಕೈಯಿಂದ ಕೈಗೆ ಸುರಿಯುತ್ತಾ ಕೂತಿದ್ದರು.

"ನನ್ ಸೊಸೆ ಒಳ್ಳೇಳು ಕಣವ್ವ. ಹೊತ್ಹೊತ್ತಿಗೆ ಮುದ್ದೆ ಇಕ್ತಾಳೆ, ನೀರು ಕಾಯ್ಸಿ ಕೊಡ್ತಾಳೆ. ಮಾತಾಡಾಕೆ ಅವ್ಳಿಗೆ ಟೈಮಿಲ್ಲ, ಅಷ್ಟೇಯ. ನಾನು ಫೋನಲ್ಲಿ ಅಂಗಂದ್ರೆ ನಾಳೆ ಅವ್ಳು ಬಾವಿ ತಾವ ನಾಕು ಜನದ ಮುಂದೆ ಎಂಗ್ ನಿಂತ್ಕಂತಾಳೆ? ನಾನು ಬೇಜಾರಲ್ಲಿದೀನಿ ಅಂದ್ರೆ ಅವ್ಳು ನೋಡ್ಕಣಾಕಿಲ್ಲ ಅಂತಾನೇ ಅಲ್ವಾ? ಬ್ಯಾಡ ಬಿಡವ್ವ."

ಯಾರೂ ಇಲ್ಲ ಎಂದು ಹೇಳಲಾಗದೆ ಸತ್ತ ತಾಯಿಯನ್ನು ವಾರ ವಾರ ಬಸ್ಸಿನಲ್ಲಿ ಕರೆತರುವ ನಾನು ಆಕೆಗೆ ನಿಜ ಹೇಳಿ ಅನ್ನುತ್ತಿದ್ದೆ.

"ನಿಮ್ಮವ್ವ ಹೆಂಗವ್ರೆ?" ಎಂದರು ಏಳುವಾಗ.

"ಚೆನ್ನಾಗಿದಾರೆ" ಎಂದೆ.

೨೦ ಫೆಬ್ರವರಿ, ಗುರುವಾರ

ಮಹೇಂದ್ರನಿಗೆ ಬರೆದೆ. ಕ.ಮ. ಎಂಬವರು ಯಗಟಿಯಲ್ಲಿಲ್ಲ. ಕಥೆಯಲ್ಲಿರುವ ಅನ್ನ, ಟಿವಿ, ರೈಲು, ಕಿಟಕಿ ನನ್ನವು. ವಯಸ್ಸೊಂದು ಸುಳ್ಳು, ಮಿಕ್ಕದ್ದು ನಿಜ. ಶನಿವಾರ ಶನಿವಾರ ಅಲ್ಲಿಗೆ ಹೋಗಲು ಶುರು ಮಾಡಿದ ಮೇಲೆ ಸ್ವಲ್ಪ ಕಡಿಮೆಯಾಗಿದೆ ಎಂಬುದೂ ನಿಜ. ತಪ್ಪು ನನ್ನದು, ಜಗಲಿಯದಲ್ಲ.

ಬರೆದ ಮೇಲೆ ಓದಿಕೊಂಡೆ. ನಿಜ ಎಂಬ ಪದ ಎರಡು ಸಲ ಬಂದಿತ್ತು, ಒಂದನ್ನು ತೆಗೆಯಲು ಹೋಗಿ ಬಿಟ್ಟೆ. ಕಳಿಸಿದೆ. ಅಳು ಬಂತು, ಅತ್ತೆ. ಅಮ್ಮ ಹೋದಾಗ ನೆಂಟರು ತುಂಬಿದ್ದರು, ಸರಿಯಾಗಿ ಅತ್ತಿರಲಿಲ್ಲ.

೫ ಮಾರ್ಚ್, ಬುಧವಾರ

ಆಗಲಿಲ್ಲ. ಕಾಗದದಲ್ಲಿ ವಿಷಾದ, ಶುಭ ಹಾರೈಕೆ. ಆಮೇಲೆ ಮಹೇಂದ್ರನೇ ಫೋನ್ ಮಾಡಿದ.

"ಮೇಡಂ, ನಾನು ಮೀಟಿಂಗಲ್ಲಿ ಹೇಳ್ದೆ, ಕಥೆ ನಿಜಾನೇ ಅಂತ. ಆದ್ರೆ ಸೀನಿಯರ್ ಅಂದ್ರೆ ಅರವತ್ತು ಆಗಿರ್ಲೇಬೇಕು, ರೂಲು. ಮುಂದಿನ ವರ್ಷ ಹೊಸದಾಗಿ ಹಾಕಿ."

ನನಗೆ ನಲವತ್ತೆಂಟು. ಅರವತ್ತಾಗುವವರೆಗೆ ಒಂಟಿಯಾಗಿರಲು ನನಗೆ ಅರ್ಹತೆಯಿಲ್ಲ ಎಂದಾಯಿತು. ಒಬ್ಬಳೇ ನಕ್ಕೆ.

ಸತೀಶನಿಗೆ ಎಲ್ಲ ಹೇಳಿದೆ. ರೇಗುತ್ತಾನೆ ಅಂದುಕೊಂಡಿದ್ದೆ. "ಅಕ್ಕಾ, ಊಟ ಆಯ್ತಾ?" ಎಂದ.

೨೯ ಮಾರ್ಚ್, ಶನಿವಾರ

ವ್ಯಾನಿನ ಕಡೆಯ ಶನಿವಾರ. ಬಸ್‌ಸ್ಟಾಪಿನಲ್ಲಿ ಅರವಟ್ಟಿಗೆ ಇಟ್ಟರು. ಮಡಕೆಗೆ ಯಾವ ಫೌಂಡೇಶನ್ನೂ ಬೇಡ. ಈರಣ್ಣ ಹೆಣೆದ ಗರಿಯ ಚಪ್ಪರ, ಮಕ್ಕಳು ಕಟ್ಟಿದ್ದು, ಒಂದು ಕಡೆಗೆ ವಾಲಿತ್ತು.

ಇನ್ನು ಮುಂದೆ ಹೇಗೆ ಎಂದು ಮಾತು ಬಂತು. "ಅವ್ರು ಬರಾಕಾಗಲ್ಲ ಅಂದ್ರೆ ನಾವೇ ಅವ್ರ ಮನೆಗಳಿಗೆ ಹೋಗನ" ಎಂದು ಸ್ಫೂರ್ತಿ ಅಂದಳು. ಒಂದೊಂದು ಶನಿವಾರ ಒಬ್ಬೊಬ್ಬರ ಮನೆ ಅಂತ ಆಯಿತು. ನಡೆಯುವಷ್ಟು ಹತ್ತಿರದ ಮನೆಗಳಾದರೆ ಸರಿ. ಈರಣ್ಣನ ತೋಟದ ಮನೆ ದೂರ. ಅಷ್ಟು ದೂರ ಬಿಸಿಲಿನಲ್ಲಿ ಮಕ್ಕಳನ್ನು ನಡೆಸಲಾಗದು, ಅವರು ನಡೆದು ಬರಲಾರರು.

"ನೀವು ಮಾಡ್ಕಳಿ, ಮಾಡ್ಕಳಿ. ನನ್ಗೇನ್ ಕಮ್ಮಿ?" ಎಂದರು ಈರಣ್ಣ. ತಿಪ್ಪೇಶ ಅವರನ್ನು ಕೈಹಿಡಿದು ವ್ಯಾನಿಗೆ ಹತ್ತಿಸಿದ. ಕಿಟಕಿಯಲ್ಲಿ ಕೂತು ಫೋನು ಎತ್ತಿ ಒತ್ತಿ ಹಿಡಿದುಕೊಂಡರು. ಸ್ಫೂರ್ತಿಯ ಅಮ್ಮನ ಫೋನಿಗೆ ಆಮೇಲೆ ಬಂತಂತೆ. "ಹಲೋ... ಹಲೋ." ಅಷ್ಟೇ. ನನ್ನಿಂದ ಹೋಯಿತು ಅವರ ವ್ಯಾನು. ಇದು ನನ್ನನ್ನು ಬಿಡುವುದಿಲ್ಲ.

ಎಲ್ಲ ಹೋದ ಮೇಲೆ ಕಾಮಾಕ್ಷಮ್ಮನ ಡಬ್ಬಿ ಅವರ ಕೈಗೆ ಕೊಟ್ಟೆ. ಇಂದಾದರೂ ಹೇಳಿಬಿಡಬೇಕು ಅನ್ನಿಸಿತು.

"ಕಾಮಾಕ್ಷಮ್ಮನೋರೇ, ಅಮ್ಮ ಇಲ್ಲ. ಹೋದ ಜೂನ್‌ನಲ್ಲೇ ತೀರ್ಕೊಂಡ್ರು. ನಿಮ್ಮ ಹತ್ರ ಇಷ್ಟು ದಿನ ಸುಳ್ಳು ಹೇಳ್ದೆ."

ಅವರು ಡಬ್ಬಿಯ ಮುಚ್ಚಳ ತೆಗೆದರು, ನೋಡಿದರು, ಮುಚ್ಚಿದರು.

"ಗೊತ್ತು ಕಣವ್ವ."

"ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ಮೊದುಲ್ನೇ ಸಲ ಡಬ್ಬಿ ತಂದ್ಕೊಟ್ಯಲ್ಲ, ಆವತ್ತೇ ಗೊತ್ತಾಯ್ತು. ತೊಳ್ದು, ಒರ್ಸಿ, ಖಾಲಿ ತಂದಿದ್ದೆ. ಹಾಸ್ಗೆ ಹಿಡಿದಿದ್ರೂವೆ ತಾಯಿ ಅನ್ನೋಳು ಮಗಳ ಕೈಲಿ ಖಾಲಿ ಡಬ್ಬಿ ಕಳ್ಸಾಕಿಲ್ಲ. ಒಂದ್ ಹಿಡಿ ಸಕ್ರೆನಾದ್ರೂ ಹಾಕೇ ಅಂತ ಮಲಗಿದ್ದಲ್ಲಿಂದ್ಲೇ ಕೂಗಿರೋಳು."

"ಮತ್ಯಾಕೆ ವಾರ ವಾರ ಅಮ್ಮ ಹೆಂಗಿದಾರೆ ಅಂತ ಕೇಳ್ತಿದ್ರಿ?"

"ಅವ್ವನ ಸುದ್ದಿ ಹೇಳೋವಾಗ ನಿನ್ ಮಕ ನೋಡ್ಬೇಕಿತ್ತು. ಕೇಳ್ದೆ ಎಂಗಿರ್ಲಿ?"

ಬಸ್ಸು ಬಂತು. ಹತ್ತುವಾಗ ಡಬ್ಬಿ ಮತ್ತೆ ನನ್ನ ಕೈಲಿತ್ತು, ತುಂಬಿದ್ದು. ಚೀಲದಲ್ಲಿ ಕಟ್ಟಿ ತಂದಿದ್ದ ಹುರಿಹಿಟ್ಟನ್ನು ಅದರೊಳಗೆ ಯಾವಾಗ ಸುರಿದರೋ. "ಇದು ನಿಂಗೆ" ಎಂದರು. "ಇಷ್ಟ್ ದಿನದ್ದೂ ನಿಂಗೇಯ."

ನನಗೆ ಗೊತ್ತಿಲ್ಲದ್ದೇನಲ್ಲ. ಅಮ್ಮ ಯಾರ ಪಾತ್ರೆಯನ್ನೂ ಖಾಲಿ ವಾಪಸ್ ಕೊಟ್ಟವರಲ್ಲ. ಸಕ್ಕರೆ, ಇಲ್ಲದಿದ್ದರೆ ಅಕ್ಕಿ, ಅದೂ ಇಲ್ಲದಿದ್ದರೆ ಎರಡು ನಿಂಬೆಹಣ್ಣು. ಅದು ಅಮ್ಮನ ಕೆಲಸವಾಗಿತ್ತು. ಅವರು ಹೋದ ಮೇಲೆ ಅದು ನನ್ನ ಕೆಲಸ ಎಂದು ನನಗೆ ಹೊಳೆದಿರಲೇ ಇಲ್ಲ.

೪ ಏಪ್ರಿಲ್, ಶುಕ್ರವಾರ

ನಾಳೆ ಕ್ಲಾಸು ಬಿಟ್ಟ ಮೇಲೆ ಮಕ್ಕಳೆಲ್ಲ ಕಾಮಾಕ್ಷಮ್ಮನ ಮನೆಗೆ. ಅವರ ಸೊಸೆ ಹೇಮಶ್ರೀ ಫೋನ್ ಮಾಡಿ, ಇಷ್ಟು ಜನಕ್ಕೆ ಪಾನಕ ಸಾಕಾ, ಮಜ್ಜಿಗೆಯೂ ಮಾಡಬೇಕಾ ಎಂದು ಗೊಣಗಿದಳು. ಗೊಣಗುತ್ತಲೇ ಬಹಳ ಹೊತ್ತು ಮಾತಾಡಿದಳು. ಸೋಮವಾರ ತಿಪ್ಪೇಶ ತನ್ನ ಬೈಕಿನಲ್ಲಿ ನನ್ನನ್ನು ಈರಣ್ಣನ ತೋಟಕ್ಕೆ ಬಿಡುತ್ತಾನಂತೆ. ಗರಿ ಹೆಣೆಯುವುದು ನನಗೂ ಬರುವುದಿಲ್ಲ, ಕಲಿಯಬೇಕು. ಮುಂದಿನ ವರ್ಷದ ಅರ್ಜಿಗೆ ವಿವರವೂ ಸಿಗುತ್ತದೆ.

ಸಂಜೆ ಡಬ್ಬಿ ತೊಳೆದೆ. ಸಕ್ಕರೆ ಹಾಕೋಣವೆಂದು ಜಾಡಿ ತೆಗೆದರೆ ತಳದಲ್ಲಿ ನಾಲ್ಕು ಹರಳು. ಅಂಗಡಿಯವನು ಬಾಗಿಲು ಹಾಕಿದ್ದ. ಕೆಳಗಿಳಿದು ಜಯಲಕ್ಷ್ಮಮ್ಮನ ಬಾಗಿಲು ಬಡಿದೆ.

"ಒಂದು ಲೋಟ ಸಕ್ಕರೆ ಬೇಕಿತ್ತು."

"ಬನ್ನಿ ಬನ್ನಿ, ಒಳಗೆ ಬನ್ನಿ. ಕಾಫಿಗಾ?"

"ಅಲ್ಲ, ಡಬ್ಬಿಗೆ. ಒಬ್ರ ಡಬ್ಬಿ ವಾಪಸ್ ಕೊಡ್ಬೇಕು."

ಅವರಿಗೆ ಅಷ್ಟು ಸಾಕಾಯಿತು. ಇನ್ನೇನೂ ಕೇಳಲಿಲ್ಲ. ಕಾಫಿ ಕುಡಿಸದೆ ಬಿಡಲಿಲ್ಲ. ಅವರಿಗೂ ಬಲಗಾಲು ನೋಯುತ್ತದಂತೆ, ಎಣ್ಣೆ ಹಚ್ಚಿಸಿಕೊಳ್ಳುತ್ತಾರಂತೆ. ಮಾತಿನ ನಡುವೆ ರೈಲು ಯಾವಾಗ ಹೋಯಿತೋ ನನಗೆ ಕೇಳಿಸಲಿಲ್ಲ. ಮೇಲೆ ಬಂದರೆ ಕಿಟಕಿ ತೆರೆದೇ ಇತ್ತು.

ಡಬ್ಬಿಗೆ ಸಕ್ಕರೆ ತುಂಬಿ, ಒಂದು ಏಲಕ್ಕಿ ಜಜ್ಜಿ ಹಾಕಿ, ಮುಚ್ಚಳ ಮುಚ್ಚಿ ಬ್ಯಾಗಿನಲ್ಲಿಟ್ಟಿದ್ದೇನೆ. ಈಗ ಜಯಲಕ್ಷ್ಮಮ್ಮನ ಲೋಟ ಇಲ್ಲಿ ಉಳಿದಿದೆ. ಅದರಲ್ಲಿ ಏನು ಹಾಕಿ ಕೊಡಲಿ?